ಬಹುಶಾಖಾ ಕಚೇರಿಗಳ ಇ-ಮೇಲ್ ವ್ಯವಸ್ಥೆ

ಒಂದೇ ಸಂಸ್ಥೆಯ ಕಚೇರಿಗಳು ಬೇರೆ ಬೇರೆ ಊರುಗಳಲ್ಲಿರುವಾಗ ಎಲ್ಲ ನೌಕರರಿಗೂ ಒಂದೇ ಡೊಮೇನ್ ಹೆಸರಿನಲ್ಲಿ ಮೇಲ್ ವಿಳಾಸ ಕೊಟ್ಟು, ಬಂದ ಪತ್ರ ಕಳೆಯದಂತೆ, ಹೊರಟ ಪತ್ರ ತಲುಪುವಂತೆ ನೋಡಿಕೊಳ್ಳುವ ಸರ್ವರ್, ಸಂಪರ್ಕ, ದಾಖಲೆ ಮತ್ತು ಉಸ್ತುವಾರಿಗಳ ಏರ್ಪಾಡನ್ನು ಬಹುಶಾಖಾ ಇ-ಮೇಲ್ ವ್ಯವಸ್ಥೆ ಎನ್ನಬಹುದು. ಇದನ್ನು ಕಟ್ಟಲು ಹೊರಟವರ ಮೊದಲ ಯೋಚನೆ ಸಾಮಾನ್ಯವಾಗಿ ಯಂತ್ರಗಳ ಲೆಕ್ಕದ್ದು: ಶಾಖೆಗೊಂದು ಸರ್ವರ್ ಬೇಕೇ, ಮುಖ್ಯ ಕಚೇರಿಯಲ್ಲಿ ಎರಡಿದ್ದರೆ ಸಾಕೇ, ಒಂದು ಕೆಟ್ಟರೆ ಕೆಲಸ ನಡೆಸುವ ಇನ್ನೊಂದು ಎಲ್ಲಿರಬೇಕು? ಇವು ಕೇಳಬೇಕಾದ ಪ್ರಶ್ನೆಗಳೇ. ಆದರೂ ಇವಕ್ಕೆ ಮುಂಚೆ ಕೇಳಬೇಕಾದದ್ದು ಬೇರೊಂದಿದೆ. ಹಾದಿಯಲ್ಲಿರುವ ಒಂದು ಪತ್ರದ ಹೊಣೆ ಈ ಕ್ಷಣದಲ್ಲಿ ಯಾವ ಯಂತ್ರದ ಮೇಲಿದೆ, ಆ ಯಂತ್ರ ಹೊಣೆಯನ್ನು ಮುಂದಿನದಕ್ಕೆ ದಾಟಿಸಿದ್ದಕ್ಕೆ ಗುರುತೇನು? ಮೇಲ್ ಸೇವೆ ನೆಚ್ಚಿಕೆಗೆ ಯೋಗ್ಯವಾಗುವುದು ಈ ಪ್ರಶ್ನೆಗೆ ಪ್ರತಿ ಹೆಜ್ಜೆಯಲ್ಲೂ ಒಂದೇ ಖಚಿತ ಉತ್ತರ ಇದ್ದಾಗ. ಸರ್ವರುಗಳ ಸಂಖ್ಯೆ, ಅವು ಇರುವ ಊರು, ತಂತ್ರಾಂಶದ ಆಯ್ಕೆ ಎಲ್ಲವೂ ಆ ಉತ್ತರವನ್ನು ಅನುಸರಿಸಿ ತೀರ್ಮಾನವಾಗಬೇಕಾದ ಸಂಗತಿಗಳು.

ಹೊಣೆಯ ಈ ವಿಚಾರ ಮೇಲ್‌ನ ನಿಯಮಾವಳಿಯಲ್ಲೇ ಇದೆ. 1971ರಲ್ಲಿ ರೇ ಟಾಮ್ಲಿನ್‌ಸನ್ ಆರ್ಪಾನೆಟ್ ಜಾಲದ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಂದೇಶ ಕಳಿಸಿದರು. ವ್ಯಕ್ತಿಯ ಹೆಸರಿಗೂ ಯಂತ್ರದ ಹೆಸರಿಗೂ ನಡುವೆ @ ಚಿಹ್ನೆ ಇಟ್ಟವರೂ ಅವರೇ. 1982ರ ಆಗಸ್ಟಿನಲ್ಲಿ ಜಾನ್ ಪೋಸ್ಟೆಲ್ ಆರ್‌ಎಫ್‌ಸಿ 821 ಎಂಬ ದಸ್ತಾವೇಜಿನಲ್ಲಿ ಸರ್ವರಿನಿಂದ ಸರ್ವರಿಗೆ ಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮಗಳನ್ನು ಬರೆದರು. ಅದರ ಪರಿಷ್ಕೃತ ರೂಪ 2008ರ ಆರ್‌ಎಫ್‌ಸಿ 5321. ಎರಡು ಸರ್ವರುಗಳ ನಡುವಿನ ಮಾತುಕತೆ ಇಲ್ಲಿ ರಿಜಿಸ್ಟರ್ಡ್ ಟಪಾಲಿನ ಬಟವಾಡೆಯಂತೆ ನಡೆಯುತ್ತದೆ. ಕಳಿಸುವ ಸರ್ವರ್ ಪತ್ರವನ್ನೆಲ್ಲ ಒಪ್ಪಿಸಿದ ಮೇಲೆ ಪಡೆಯುವ ಸರ್ವರ್ 250 ಎಂಬ ಸಂಖ್ಯೆಯನ್ನು ಉತ್ತರವಾಗಿ ಕೊಡುತ್ತದೆ. ಅದೇ ಸಹಿ. ಸಹಿ ಬೀಳುವ ತನಕ ಕಳಿಸುವವನು ತನ್ನ ಪ್ರತಿಯನ್ನು ಬಿಸಾಡುವಂತಿಲ್ಲ. ಸಹಿ ಬಿದ್ದ ಮೇಲೆ ಯಂತ್ರ ಕೆಟ್ಟಿತು ಎಂಬಂಥ ಕಾರಣಕ್ಕೆ ಪಡೆದವನು ಪತ್ರವನ್ನು ಕಳೆಯುವಂತಿಲ್ಲ ಎಂದು ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಅದಕ್ಕೇ ಪೋಸ್ಟ್‌ಫಿಕ್ಸ್‌ನಂಥ ತಂತ್ರಾಂಶ ಪತ್ರ ಡಿಸ್ಕಿನ ಮೇಲೆ ನಿಜಕ್ಕೂ ಬರೆಹವಾದದ್ದನ್ನು ಖಚಿತಪಡಿಸಿಕೊಂಡೇ 250 ಎನ್ನುವುದು. ಎದುರಿನ ಸರ್ವರ್ ಸಿಗದಿದ್ದರೆ ಪತ್ರ ಕಳಿಸುವವನ ಕ್ಯೂನಲ್ಲಿ ನಿಲ್ಲುತ್ತದೆ, ಆಗಾಗ ಮರುಪ್ರಯತ್ನ ನಡೆಯುತ್ತದೆ. ಕೈಬಿಡುವ ಮುನ್ನ ಕನಿಷ್ಠ 4-5 ದಿನ ಕಾಯಬೇಕೆಂಬುದು ಸಾಮಾನ್ಯ ಸೂಚನೆ. ಪೋಸ್ಟ್‌ಫಿಕ್ಸ್ 5 ದಿನ, ಕ್ಯೂಮೇಲ್ 7 ದಿನ ಕಾಯುತ್ತದೆ. ಅಂದರೆ ನಮ್ಮ ಸರ್ವರ್ ಒಂದು ಇಡೀ ದಿನ ನಿಂತುಹೋದರೂ ಹೊರಗಿನಿಂದ ಬರಬೇಕಾದ ಪತ್ರಗಳು ನಾಶವಾಗುವುದಿಲ್ಲ, ತಡವಾಗುತ್ತವೆ. ಈ ಒಂದು ಸಂಗತಿಯನ್ನು ಮರೆತು ಹಾಕಿದ ಯೋಜನೆಗಳು ಎಷ್ಟೋ ಹಣವನ್ನು ಬೇಡದ ಕಡೆ ಸುರಿಯುತ್ತವೆ.

ಹದಗೆಟ್ಟ ಸಂಪರ್ಕದ ಮೇಲೂ ಮೇಲ್ ನಡೆಯಬಲ್ಲದು ಎಂಬುದಕ್ಕೆ ಭಾರತದ ಮೊದಮೊದಲ ಜಾಲಗಳಲ್ಲಿ ಒಂದು ಸಾಕ್ಷಿ. ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ 1986ರಲ್ಲಿ ಆರಂಭಿಸಿದ ಅರ್ನೆಟ್ ಯೋಜನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐದು ಐಐಟಿಗಳು, ಮುಂಬಯಿಯ ರಾಷ್ಟ್ರೀಯ ಸಾಫ್ಟ್‌ವೇರ್ ತಂತ್ರಜ್ಞಾನ ಕೇಂದ್ರ ಮತ್ತು ದೆಹಲಿಯ ಇಲಾಖಾ ಕಚೇರಿ ಸೇರಿದ್ದವು. ಸಾಮಾನ್ಯ ಜನರಿಗೆ ಇಂಟರ್ನೆಟ್ ಸಿಕ್ಕದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಅದಕ್ಕೂ ಎಷ್ಟೋ ಮುಂಚೆ ಈ ಸಂಸ್ಥೆಗಳ ನಡುವೆ ಡಯಲ್-ಅಪ್ ಫೋನ್ ಲೈನುಗಳ ಮೇಲೆ ಪತ್ರಗಳು ಓಡಾಡುತ್ತಿದ್ದವು. ಲೈನ್ ಸಿಕ್ಕಾಗ ಒಂದು ಕಂಪ್ಯೂಟರ್ ಇನ್ನೊಂದಕ್ಕೆ ಕರೆ ಮಾಡಿ, ಕೂಡಿಟ್ಟ ಕಟ್ಟನ್ನು ಒಪ್ಪಿಸಿ, ಅತ್ತಲಿನ ಕಟ್ಟನ್ನು ಪಡೆದು ಫೋನ್ ಇಡುತ್ತಿತ್ತು. ಇಂದಿನ ಶಾಖಾ ಕಚೇರಿಯ ಅತಿ ಕೆಟ್ಟ ಬ್ರಾಡ್‌ಬ್ಯಾಂಡ್ ಕೂಡ ಆ ಲೈನಿಗಿಂತ ನೂರಾರು ಪಟ್ಟು ಮೇಲು. ಸಂಪರ್ಕ ಸದಾ ಇರುತ್ತದೆ ಎಂದು ನೆಚ್ಚದೆ, ಇಲ್ಲದಾಗ ಪತ್ರ ಎಲ್ಲಿ ತಂಗಬೇಕು ಎಂಬುದನ್ನು ಮೊದಲೇ ನಿಶ್ಚಯಿಸಿದ್ದರಿಂದ ಆ ಜಾಲ ನಡೆಯಿತು.

ಹಾಗಿದ್ದರೆ ಪತ್ರ ನಿಜವಾಗಿ ಕಳೆಯುವುದು ಯಾವಾಗ? ಎರಡು ಘಟನೆಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. 2022ರ ಜನವರಿ 1ರಂದು ಜಗತ್ತಿನ ಬಹಳಷ್ಟು ಕಚೇರಿಗಳಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಸರ್ವರುಗಳು ಒಟ್ಟಿಗೆ ಸ್ತಬ್ಧವಾದವು. ಮಾಲ್‌ವೇರ್ ಹುಡುಕುವ ಭಾಗ ದಿನಾಂಕವನ್ನು 2201010001 ಎಂಬ ಸಂಖ್ಯೆಯಾಗಿ ಬರೆದುಕೊಳ್ಳುತ್ತಿತ್ತು; ಅದಕ್ಕೆ ಮೀಸಲಾಗಿದ್ದ 32 ಬಿಟ್‌ನ ಜಾಗದಲ್ಲಿ 2147483647ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸುವುದಿಲ್ಲ. ತಪಾಸಣೆ ನಡೆಯದೆ ಪತ್ರಗಳು ಕ್ಯೂನಲ್ಲಿ ರಾಶಿ ಬಿದ್ದವು. ಹೊಸ ವರ್ಷದ ದಿನವೇ ಅಡ್ಮಿನ್‌ಗಳು ಪರದಾಡಿದರು ನಿಜ, ಆದರೆ ದೋಷ ಸರಿಪಡಿಸಿದ ಮೇಲೆ ಕ್ಯೂ ಕರಗಿ ಪತ್ರಗಳು ತಲುಪಿದವು. ಇದಕ್ಕೆ ಒಂದು ವರ್ಷ ಹಿಂದೆ, 2020ರ ಡಿಸೆಂಬರ್ 14-15ರಂದು, ಜಿಮೇಲ್‌ನಲ್ಲಿ ಆದದ್ದು ಬೇರೆ ಬಗೆಯದು. ಒಂದು ಸಂರಚನೆಯ ಬದಲಾವಣೆಯಲ್ಲಿ ಡೊಮೇನ್ ಹೆಸರು ತಪ್ಪಾಗಿ, ಸರಿಯಾಗಿಯೇ ಇದ್ದ ಅನೇಕ ವಿಳಾಸಗಳಿಗೆ ಬಂದ ಪತ್ರಗಳಿಗೆ ಸರ್ವರುಗಳು 550 ಎಂದು ಉತ್ತರಿಸಿದವು: ಇಂಥ ಖಾತೆಯೇ ಇಲ್ಲ. ಎಸ್‌ಎಂಟಿಪಿಯಲ್ಲಿ 4ರಿಂದ ಶುರುವಾಗುವ ಉತ್ತರಕ್ಕೆ 'ಆಮೇಲೆ ಬಾ' ಎಂದು ಅರ್ಥ, 5ರಿಂದ ಶುರುವಾಗುವುದಕ್ಕೆ 'ಮತ್ತೆ ಬರಬೇಡ' ಎಂದು. ಕಳಿಸಿದವರ ಸರ್ವರುಗಳು ಆ ಮಾತನ್ನು ನಂಬಿ ಪತ್ರಗಳನ್ನು ತಕ್ಷಣ ಹಿಂದಿರುಗಿಸಿದವು. ಹಲವು ಮೇಲಿಂಗ್ ಪಟ್ಟಿಗಳು ಸಕ್ರಿಯ ಸದಸ್ಯರ ಹೆಸರನ್ನೇ ಹೊಡೆದುಹಾಕಿದವು. ಮೊದಲ ಘಟನೆಯಲ್ಲಿ ಯಂತ್ರ ಸುಮ್ಮನಾಯಿತು, ಎರಡನೆಯದರಲ್ಲಿ ಯಂತ್ರ ಚುರುಕಾಗಿದ್ದು ತಪ್ಪು ಉತ್ತರ ಕೊಟ್ಟಿತು. ತಪ್ಪು ಉತ್ತರ ಮೌನಕ್ಕಿಂತ ಎಷ್ಟೋ ಪಾಲು ಕೆಟ್ಟದ್ದು. ಬಹುಶಾಖಾ ವ್ಯವಸ್ಥೆಯಲ್ಲಿ ಈ ಅಪಾಯ ದಿನನಿತ್ಯದ್ದು: ನೌಕರರ ಪಟ್ಟಿ ಮುಖ್ಯ ಕಚೇರಿಯಲ್ಲಿದ್ದು, ಪತ್ರ ಪಡೆಯುವ ಸರ್ವರ್ ಇನ್ನೊಂದು ಊರಿನಲ್ಲಿದ್ದರೆ, ಪಟ್ಟಿಯ ಸಂಪರ್ಕ ತಪ್ಪಿದ ಹೊತ್ತಿನಲ್ಲಿ ಆ ಸರ್ವರ್ ಏನು ಹೇಳಬೇಕೆಂಬುದನ್ನು ಮೊದಲೇ ನಿಗದಿಪಡಿಸಿ, ಕೇಬಲ್ ಕಿತ್ತು ಪರೀಕ್ಷಿಸಿ ನೋಡಬೇಕು. ಅದು ಹೇಳಬೇಕಾದದ್ದು ಒಂದೇ ಮಾತು, ಆಮೇಲೆ ಬಾ.

ಶಾಖೆಗೊಂದು ಸರ್ವರ್ ಎಂಬ ಕ್ರಮ ಮೇಲ್ನೋಟಕ್ಕೆ ಸುರಕ್ಷಿತವಾಗಿ ಕಾಣುತ್ತದೆ. ಬೆಂಗಳೂರಿನಲ್ಲಿ ಮುಖ್ಯ ಕಚೇರಿ, ಮೈಸೂರು, ಹುಬ್ಬಳ್ಳಿ, ಮಂಗಳೂರು, ಕಲಬುರಗಿಗಳಲ್ಲಿ ಶಾಖೆ ಇರುವ ಸಂಸ್ಥೆಯನ್ನು ಊಹಿಸಿಕೊಳ್ಳೋಣ. ಪ್ರತಿ ಕಚೇರಿಯ ಸರ್ವರ್ ವರ್ಷದಲ್ಲಿ ನೂರಕ್ಕೆ 99 ಪಾಲು ಹೊತ್ತು ಸರಿಯಾಗಿ ನಡೆಯುತ್ತದೆ ಎಂದಿಟ್ಟುಕೊಂಡರೆ ಒಂದೊಂದೂ ವರ್ಷಕ್ಕೆ ಮೂರೂವರೆ ದಿನಕ್ಕಿಂತ ತುಸು ಹೆಚ್ಚು ನಿಲ್ಲುತ್ತದೆ. ಐದೂ ಒಟ್ಟಿಗೆ ಸರಿಯಿರುವ ಸಂಭವ 95.1 ಪಾಲು ಮಾತ್ರ. ಅಂದರೆ ವರ್ಷದಲ್ಲಿ ಹೆಚ್ಚುಕಡಿಮೆ 18 ದಿನಗಳಷ್ಟು ಹೊತ್ತು ಐದರಲ್ಲಿ ಯಾವುದೋ ಒಂದು ಕಚೇರಿ ಮೇಲ್ ಇಲ್ಲದೆ ಕೂತಿರುತ್ತದೆ. ಅದೇ 99 ಪಾಲಿನ ಎರಡು ಸರ್ವರುಗಳು ಒಂದಕ್ಕೊಂದು ಬದಲಿಯಾಗಿ ನಿಂತರೆ ಲೆಕ್ಕ 99.99ಕ್ಕೆ ಏರುತ್ತದೆ, ನಿಲುಗಡೆ ವರ್ಷಕ್ಕೆ 53 ನಿಮಿಷದ ಆಚೀಚೆ. ಆದರೆ ಈ ಎರಡನೆಯ ಲೆಕ್ಕ ನಿಜವಾಗಬೇಕಾದರೆ ಎರಡರ ಕೆಡುಕಿಗೂ ಪರಸ್ಪರ ಸಂಬಂಧವಿರಬಾರದು. ಒಂದೇ ತಂತ್ರಾಂಶ, ಒಂದೇ ಪಾಸ್‌ವರ್ಡ್ ಪಟ್ಟಿ, ಒಂದೇ ದಿನ ಅವಧಿ ಮುಗಿಯುವ ಗೂಢಲಿಪಿ ಪ್ರಮಾಣಪತ್ರ, ಒಬ್ಬನೇ ಅಡ್ಮಿನ್: ಇವುಗಳಲ್ಲಿ ಯಾವುದಿದ್ದರೂ ಎರಡೂ ಒಟ್ಟಿಗೆ ಬೀಳಬಹುದು. 2022ರ ಜನವರಿ 1 ಇದನ್ನೇ ತೋರಿಸಿತು. ಹತ್ತು ಊರಿನಲ್ಲಿ ಹತ್ತು ಎಕ್ಸ್‌ಚೇಂಜ್ ಇಟ್ಟಿದ್ದವರಿಗೆ ಹತ್ತೂ ಒಂದೇ ದಿನ ಕೈಕೊಟ್ಟವು. ಇನ್ನು ಭದ್ರತೆಯ ಮಾತು. 2021ರ ಮಾರ್ಚ್ 2ರಂದು ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್‌ನ ನಾಲ್ಕು ದೋಷಗಳಿಗೆ ತುರ್ತು ತೇಪೆ ಬಿಡುಗಡೆ ಮಾಡಿತು. ಹಾಕಲು ತಡಮಾಡಿದವರೂ, ತೇಪೆ ಬರುವ ಮೊದಲೇ ಸಿಕ್ಕಿಬಿದ್ದವರೂ ಸೇರಿ ಜಗತ್ತಿನಾದ್ಯಂತ ಹತ್ತಾರು ಸಾವಿರ ಸಂಸ್ಥೆಗಳ ಸರ್ವರುಗಳೊಳಗೆ ದಾಳಿಕಾರರು ನುಗ್ಗಿದರು. ಮುಖ್ಯ ಕಚೇರಿಯ ಎರಡು ಸರ್ವರುಗಳಿಗೆ ಅದೇ ರಾತ್ರಿ ತೇಪೆ ಹಾಕಬಹುದು. ಶಾಖೆಯ ಮೂಲೆಯ ಕಪಾಟಿನಲ್ಲಿ, ಲೆಕ್ಕಪತ್ರ ವಿಭಾಗದವರ ಕಣ್ಗಾವಲಿನಲ್ಲಿರುವ ಸರ್ವರಿಗೆ ಯಾರು ಹಾಕಬೇಕು?

ಸರ್ವರುಗಳನ್ನು ಮುಖ್ಯ ಕಚೇರಿಯಲ್ಲೇ ಇಡುವುದಕ್ಕೆ ಶಾಖೆಯವರ ಆಕ್ಷೇಪವೂ ನ್ಯಾಯವಾದದ್ದು. ರಸ್ತೆ ಅಗೆಯುವಾಗ ಕೇಬಲ್ ಕಡಿದುಹೋದರೆ, ಎದುರುಬದುರು ಮೇಜಿನಲ್ಲಿ ಕೂತ ಇಬ್ಬರ ನಡುವಿನ ಪತ್ರವೂ ಬೆಂಗಳೂರಿಗೆ ಹೋಗಿ ಬರಲಾಗದೆ ನಿಲ್ಲುತ್ತದೆ. ಸ್ಥಳೀಯ ಸರ್ವರ್ ಇದ್ದಿದ್ದರೆ ಅದು ನಡೆಯುತ್ತಿತ್ತು. ಈ ನಷ್ಟ ಸುಳ್ಳಲ್ಲ. ಆದರೆ ಅದಕ್ಕೆ ಮದ್ದು ಸಂಪರ್ಕದಲ್ಲಿದೆ, ಇನ್ನೊಂದು ಸರ್ವರಿನಲ್ಲಿ ಇಲ್ಲ. ಬೇರೆ ಬೇರೆ ಕಂಪನಿಗಳಿಂದ ಎರಡು ಲೈನ್ ತೆಗೆದುಕೊಳ್ಳಬೇಕು, ಮತ್ತು ಎರಡೂ ಒಂದೇ ಕಾಲುವೆಯಲ್ಲಿ ಬರುತ್ತಿಲ್ಲ ಎಂಬುದನ್ನು ಕೇಳಿ ತಿಳಿದುಕೊಳ್ಳಬೇಕು; ಎರಡು ಬಿಲ್ ಕಟ್ಟುವವರು ಎರಡು ದಾರಿ ಪಡೆದಿದ್ದಾರೆ ಎಂದೇನಿಲ್ಲ. ಒಂದನ್ನು ಮೊಬೈಲ್ ಜಾಲದ ಮೇಲೆ ಇಟ್ಟರೆ ಅಗೆತದ ಭಯ ಅರ್ಧ ಕಡಿಮೆಯಾಗುತ್ತದೆ. ದೂರ ಇಲ್ಲಿ ತೊಡಕೇ ಅಲ್ಲ. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಬೆಂಗಳೂರಿನಿಂದ ದೆಹಲಿಗೆ ಹೋಗಿಬರುವ ತಡವನ್ನೂ ಮೇಲ್ ಓದುವವರ ಕಣ್ಣು ಗುರುತಿಸದು. ಜೊತೆಗೆ ಔಟ್‌ಲುಕ್, ಥಂಡರ್‌ಬರ್ಡ್‌ನಂಥ ತಂತ್ರಾಂಶಗಳು ಹಳೆಯ ಪತ್ರಗಳ ಪ್ರತಿಯನ್ನು ನೌಕರರ ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳಬಲ್ಲವು. ಲೈನ್ ಇಲ್ಲದ ಹೊತ್ತಿನಲ್ಲೂ ಓದಬಹುದು, ಉತ್ತರ ಬರೆದಿಡಬಹುದು. ಲೈನ್ ದಿನಗಟ್ಟಲೆ ಹೋಗುವ ಕಡೆ, ಅಂದರೆ ಹಡಗು, ದ್ವೀಪ, ಕಾಡಿನೊಳಗಿನ ಗಣಿ, ಅಣೆಕಟ್ಟಿನ ಕಾಮಗಾರಿಯಂಥಲ್ಲಿ ಸ್ಥಳೀಯ ಸರ್ವರ್ ಸರಿಯಾದ ಆಯ್ಕೆ. ಆಗ ಅಲ್ಲಿನ ನೌಕರರ ಅಂಚೆಪೆಟ್ಟಿಗೆ ಆ ಸರ್ವರಿನಲ್ಲಿ ಮಾತ್ರ ಇರಬೇಕು, ಕೇಂದ್ರದ ಪಟ್ಟಿಯಲ್ಲಿ ಯಾರ ಮನೆ ಯಾವ ಸರ್ವರ್ ಎಂಬುದು ಒಂದೇ ಕಡೆ ದಾಖಲಾಗಿರಬೇಕು.

ಅಂಚೆಪೆಟ್ಟಿಗೆ ಒಂದೇ ಕಡೆ ಇರಬೇಕು ಎನ್ನುವುದಕ್ಕೆ ಕಾರಣ ಸ್ವಲ್ಪ ವಿವರಿಸಬೇಕಾದದ್ದು, ಏಕೆಂದರೆ ಯೋಜನೆಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ. ಹಾದಿಯಲ್ಲಿರುವ ಪತ್ರಕ್ಕೆ ಕ್ಯೂ ಎಂಬ ಆಸರೆ ಇದೆ. ತಲುಪಿದ ಪತ್ರಕ್ಕೆ ಅದಿಲ್ಲ. ತಲುಪಿದ ಪತ್ರವನ್ನು ಎರಡು ಊರಿನ ಎರಡು ಸರ್ವರುಗಳಲ್ಲಿ ಇಟ್ಟು, ಎರಡರಲ್ಲೂ ಬರೆಯಲು ಬಿಟ್ಟರೆ ಚೆನ್ನಾಗಿರುತ್ತದಲ್ಲ ಎಂದು ಅನ್ನಿಸುವುದು ಸಹಜ. ನಮ್ಮ ಕಚೇರಿಗಳ ಆವಕ-ಜಾವಕ ವಹಿಯನ್ನು ನೆನೆಸಿಕೊಂಡರೆ ತೊಡಕು ತಿಳಿಯುತ್ತದೆ. ಬಂದ ಪ್ರತಿ ಕಾಗದಕ್ಕೂ ಗುಮಾಸ್ತರು ಏರುಕ್ರಮದಲ್ಲಿ ಒಂದು ಆವಕ ಸಂಖ್ಯೆ ಕೊಡುತ್ತಾರೆ. ಒಂದೇ ವಹಿಯ ಎರಡು ಪ್ರತಿಗಳನ್ನು ಎರಡು ಊರಿನಲ್ಲಿಟ್ಟು, ನಡುವಿನ ಫೋನ್ ಕಡಿದುಹೋದ ದಿನ ಇಬ್ಬರು ಗುಮಾಸ್ತರೂ ಬರೆಯುತ್ತಾ ಹೋದರೆ 412ನೇ ಸಂಖ್ಯೆ ಎರಡು ಬೇರೆ ಕಾಗದಗಳಿಗೆ ಬೀಳುತ್ತದೆ. ಮಾರ್ಕ್ ಕ್ರಿಸ್ಪಿನ್ 1986ರಲ್ಲಿ ರೂಪಿಸಲು ಆರಂಭಿಸಿದ, ಸರ್ವರಿನಲ್ಲಿರುವ ಪೆಟ್ಟಿಗೆಯನ್ನು ಓದುವ ಐಮ್ಯಾಪ್ ವ್ಯವಸ್ಥೆಯಲ್ಲೂ ಪ್ರತಿ ಫೋಲ್ಡರಿನ ಪತ್ರಗಳಿಗೆ ಇಂಥದೇ ಏರುಸಂಖ್ಯೆ ಇದೆ; ಒಮ್ಮೆ ಕೊಟ್ಟ ಸಂಖ್ಯೆಯನ್ನು ಬೇರೆ ಪತ್ರಕ್ಕೆ ಕೊಡುವಂತಿಲ್ಲ. ಎರಡು ಸರ್ವರುಗಳು ಒಂದೇ ಸಂಖ್ಯೆ ಕೊಟ್ಟಿದ್ದರೆ ಸಂಪರ್ಕ ಮರಳಿದ ಮೇಲೆ ಎರಡಕ್ಕೂ ಹೊಸ ಸಂಖ್ಯೆ ಕೊಟ್ಟು ರಾಜಿ ಮಾಡಬೇಕು. ಒಂದು ಕಡೆ ಅಳಿಸಿದ ಪತ್ರ ಇನ್ನೊಂದು ಕಡೆಯಿಂದ ಮರಳಿ ಬಂದು ಕೂರುವುದೂ ಉಂಟು. ಹೊಣೆ ಇಬ್ಬರದಾಗಿದ್ದ ಹೊತ್ತಿನ ಫಲ ಇದು.

ಆದ್ದರಿಂದ ಪ್ರತಿ ಪೆಟ್ಟಿಗೆಗೂ ಯಾವ ಕ್ಷಣದಲ್ಲೂ ಒಬ್ಬನೇ ಯಜಮಾನ. ಉಳಿದವು ಅವನನ್ನು ಅನುಸರಿಸುವ ನಕಲುಗಳು. ಯಜಮಾನ ಬಿದ್ದಾಗ ನಕಲು ಅವನ ಸ್ಥಾನಕ್ಕೆ ಬರಬೇಕು. ಆದರೆ ಎರಡೇ ತಾಣಗಳಿದ್ದು ನಡುವಿನ ಲೈನ್ ಕಡಿದಾಗ, ಎದುರಿನವನು ಸತ್ತಿದ್ದಾನೋ ಮಾತು ಮಾತ್ರ ಕೇಳಿಸುತ್ತಿಲ್ಲವೋ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಮೂರನೆಯ ಸಾಕ್ಷಿ ಬೇಕಾಗುವುದು ಇದಕ್ಕೇ. ಅದು ಪತ್ರ ಇಟ್ಟುಕೊಳ್ಳಬೇಕಿಲ್ಲ, ಚಿಕ್ಕ ಯಂತ್ರ ಸಾಕು. ಆದರೆ ಮೂರನೆಯ ಊರಿನಲ್ಲಿ, ಬೇರೆ ಲೈನಿನ ಮೇಲೆ ಇರಬೇಕು. ಮೂವರಲ್ಲಿ ಇಬ್ಬರು ಒಪ್ಪಿದ ಕಡೆ ಯಜಮಾನಿಕೆ. ಎಕ್ಸ್‌ಚೇಂಜ್‌ನ 2010ರ ಆವೃತ್ತಿ ತಂದ, ಗರಿಷ್ಠ 16 ಸರ್ವರುಗಳ ಡೇಟಾಬೇಸ್ ಗುಂಪಿನ ವ್ಯವಸ್ಥೆ ಇದೇ ತತ್ವದ್ದು. 2013ರ ಆವೃತ್ತಿಯಿಂದ ಅದರಲ್ಲಿ ಇನ್ನೊಂದು ಸೊಗಸಾದ ಅಂಶವಿದೆ: ಬಂದ ಪತ್ರದ ನೆರಳು ಪ್ರತಿಯನ್ನು ಇನ್ನೊಂದು ಸರ್ವರಿನಲ್ಲಿ ಇಟ್ಟ ಮೇಲೆಯೇ ಕಳಿಸಿದವನಿಗೆ 250 ಹೇಳುವುದು. ನೆರಳು ಪ್ರತಿ ಮಾಡಲಾಗದಿದ್ದರೆ ಪತ್ರವನ್ನು ಸ್ವೀಕರಿಸದಿರುವ ಆಯ್ಕೆಯೂ ಇದೆ, ಆದರೆ ತಾನಾಗಿ ಚಾಲೂ ಆಗಿರುವುದಿಲ್ಲ. ಅಡ್ಮಿನ್ ತಿಳಿದು ಹಾಕಬೇಕು. ಮುಕ್ತ ತಂತ್ರಾಂಶಗಳ ಕಡೆ, ಬಹಳ ಕಾಲ ಎರಡು ಡವ್‌ಕಾಟ್ ಸರ್ವರುಗಳನ್ನು ಜೋಡಿಸಿ ಎರಡೂ ಕಡೆ ಬರೆಯುವ ರೂಢಿ ಜನಪ್ರಿಯವಾಗಿತ್ತು. 2025ರಲ್ಲಿ ಬಂದ 2.4 ಆವೃತ್ತಿಯಲ್ಲಿ ಅದರ ತಯಾರಕರು ಆ ಜೋಡಣೆಯ ಭಾಗವನ್ನು ತೆಗೆದುಹಾಕಿದರು. ಅದನ್ನು ನೆಚ್ಚಿದ್ದ ಚಿಕ್ಕ ಸಂಸ್ಥೆಗಳು ಹೊಸ ಏರ್ಪಾಡು ಹುಡುಕಬೇಕಾಗಿದೆ.

ಹೊರಗಿನವರಿಗೆ ನಮ್ಮ ಸರ್ವರ್ ಎಲ್ಲಿದೆ ಎಂದು ತಿಳಿಸುವುದು ಡೊಮೇನ್ ಹೆಸರುಗಳ ವಿಳಾಸಪಟ್ಟಿಯಾದ ಡಿಎನ್‌ಎಸ್‌ನ ಎಂಎಕ್ಸ್ ದಾಖಲೆ. 1986ರಿಂದ ಬಳಕೆಯಲ್ಲಿರುವ ಈ ದಾಖಲೆಯಲ್ಲಿ ಪ್ರತಿ ಸರ್ವರಿಗೂ ಒಂದು ಸಂಖ್ಯೆ. ಚಿಕ್ಕ ಸಂಖ್ಯೆಯವನನ್ನು ಮೊದಲು ಕೇಳಬೇಕು. ದೊಡ್ಡ ಸಂಖ್ಯೆ ಕೊಟ್ಟು ಎಲ್ಲೋ ಒಂದು ಬದಲಿ ಸರ್ವರ್ ಇಡುವುದು ಹಳೆಯ ಪದ್ಧತಿ, ಈಗಲೂ ಅನೇಕರು ಅದನ್ನು ಸುರಕ್ಷತೆಯ ಗುರುತೆಂದು ತಿಳಿಯುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ಅದು ಹಾನಿಕರ. ಕಳಿಸುವವನ ಕ್ಯೂ ಹೇಗೂ ನಾಲ್ಕೈದು ದಿನ ಕಾಯುತ್ತದೆ. ಬದಲಿ ಸರ್ವರ್ ಕೊಡುವ ಹೆಚ್ಚುವರಿ ರಕ್ಷಣೆ ತೀರ ಕಡಿಮೆ. ಅದರ ಬಳಿ ನೌಕರರ ಪಟ್ಟಿ ಇಲ್ಲದಿದ್ದರೆ ಇಲ್ಲದ ವಿಳಾಸಗಳಿಗೆ ಬಂದದ್ದನ್ನೂ ಸ್ವೀಕರಿಸಿ, ಆಮೇಲೆ ಮುಖ್ಯ ಸರ್ವರ್ ನಿರಾಕರಿಸಿದಾಗ ಯಾರೋ ನಕಲಿ ಮಾಡಿದ ಕಳಿಸುವವರ ವಿಳಾಸಕ್ಕೆ ಬೌನ್ಸ್, ಅಂದರೆ ತಲುಪಲಿಲ್ಲವೆಂಬ ಪತ್ರ, ಕಳಿಸುತ್ತದೆ. ಸ್ಪ್ಯಾಮ್ ಕಳಿಸುವವರಿಗೆ ಇದು ಗೊತ್ತಿರುವುದರಿಂದ ಹುಡುಕಿಕೊಂಡು ದೊಡ್ಡ ಸಂಖ್ಯೆಯ ಬಾಗಿಲಿಗೇ ಬರುತ್ತಾರೆ. ಸಹಿ ಹಾಕುವ ಅಧಿಕಾರ ಇಲ್ಲದವನು ಸಹಿ ಹಾಕಿದ ಕಥೆ ಇದು. ಎರಡು ತಾಣಗಳಲ್ಲಿ ಎಂಎಕ್ಸ್ ಇಡಬಹುದು, ಇಡಬೇಕು ಕೂಡ. ಆದರೆ ಎರಡಕ್ಕೂ ಒಂದೇ ಪಟ್ಟಿ, ಒಂದೇ ಸ್ಪ್ಯಾಮ್ ನಿಯಮ, ಸಮಾನ ಸ್ಥಾನ.

ಡಿಎನ್‌ಎಸ್‌ನಲ್ಲೂ ಮೌನ ಮತ್ತು ತಪ್ಪು ಉತ್ತರದ ವ್ಯತ್ಯಾಸ ಹಾಗೆಯೇ ಇದೆ. 2001ರ ಜನವರಿಯಲ್ಲಿ ಮೈಕ್ರೋಸಾಫ್ಟ್‌ನ ಡಿಎನ್‌ಎಸ್ ಸರ್ವರುಗಳೆಲ್ಲ ಒಂದೇ ಜಾಲಭಾಗದಲ್ಲಿದ್ದು, ಒಂದು ರೌಟರಿನ ತಪ್ಪು ಬದಲಾವಣೆಯಿಂದ ಸುಮಾರು ಒಂದು ದಿನ ಅದರ ತಾಣಗಳು ಸಿಗದಾದವು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್‌ನ ಬೆನ್ನೆಲುಬು ಜಾಲ ಕಡಿದಾಗ ಅದರ ಡಿಎನ್‌ಎಸ್ ಸರ್ವರುಗಳು ತಮ್ಮ ದಾರಿಯ ಘೋಷಣೆಯನ್ನು ತಾವೇ ಹಿಂತೆಗೆದುಕೊಂಡು ಆರು ಗಂಟೆಗಳ ಕಾಲ ಕಣ್ಮರೆಯಾದವು. ಡಿಎನ್‌ಎಸ್ ಸರ್ವರುಗಳು ಬೇರೆ ಬೇರೆ ಊರು, ಬೇರೆ ಬೇರೆ ಜಾಲದಲ್ಲಿರಬೇಕೆಂದು 1997ರ ಆರ್‌ಎಫ್‌ಸಿ 2182 ಹೇಳಿಯೇ ಇತ್ತು. ಆದರೂ ಡಿಎನ್‌ಎಸ್ ಉತ್ತರಿಸದಿದ್ದರೆ ಮೇಲ್ ಕ್ಯೂನಲ್ಲಿ ಕಾಯುತ್ತದೆ. ಡೊಮೇನ್ ನವೀಕರಣದ ಹಣ ಕಟ್ಟಲು ಮರೆತು 'ಈ ಹೆಸರೇ ಇಲ್ಲ' ಎಂಬ ಉತ್ತರ ಹೋದರೆ ಎಲ್ಲ ಪತ್ರಗಳೂ ಒಡನೆಯೇ ವಾಪಸು. ಲಕ್ಷಾಂತರ ರೂಪಾಯಿ ಸರ್ವರುಗಳಿಗೆ ಹಾಕಿದ ಸಂಸ್ಥೆ ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸಿನ ಈ ಬಿಲ್ಲನ್ನು ಯಾರು ಕಟ್ಟುತ್ತಾರೆ, ನೆನಪಿನ ಪತ್ರ ಯಾರ ವಿಳಾಸಕ್ಕೆ ಬರುತ್ತದೆ ಎಂದು ಬರೆದಿಟ್ಟಿರಬೇಕು. ಆ ವಿಳಾಸ ಅದೇ ಡೊಮೇನಿನದ್ದಾಗಿರಬಾರದು.

ಹೊರಹೋಗುವ ಮೇಲ್‌ನಲ್ಲಿ ಶಾಖೆಗಳಿಗೆ ಸ್ವಾತಂತ್ರ್ಯ ಕೊಟ್ಟಷ್ಟೂ ತೊಂದರೆ ಹೆಚ್ಚು. ಶಾಖೆಯ ಸ್ಕ್ಯಾನರ್, ಬಿಲ್ಲಿಂಗ್ ತಂತ್ರಾಂಶ, ಹಾಜರಾತಿ ಯಂತ್ರ ತಂತಮ್ಮ ಪಾಡಿಗೆ ಬ್ರಾಡ್‌ಬ್ಯಾಂಡ್ ಲೈನಿನಿಂದ ನೇರವಾಗಿ ಪತ್ರ ಕಳಿಸಿದರೆ ಎದುರಿನ ಸರ್ವರ್ ಅವನ್ನು ಅನುಮಾನಿಸುವುದು ಸರಿಯೇ. ಆ ಲೈನಿನ ಐಪಿ ಸಂಖ್ಯೆಗೆ ಸರಿಯಾದ ಮರುಹೆಸರಿನ ದಾಖಲೆ, ಅಂದರೆ ಸಂಖ್ಯೆಯಿಂದ ಹೆಸರು ತಿಳಿಸುವ ಡಿಎನ್‌ಎಸ್ ದಾಖಲೆ, ಸಾಮಾನ್ಯವಾಗಿ ಇರುವುದಿಲ್ಲ. ಯಾವ ಸರ್ವರುಗಳು ನಮ್ಮ ಹೆಸರಿನಲ್ಲಿ ಕಳಿಸಬಹುದೆಂದು ಸಾರುವ ಎಸ್‌ಪಿಎಫ್, ಪತ್ರಕ್ಕೆ ಗೂಢಲಿಪಿಯ ಸಹಿ ಹಾಕುವ ಡಿಕಿಮ್, ಇವು ಹೊಂದದಿದ್ದರೆ ಏನು ಮಾಡಬೇಕೆಂದು ಹೇಳುವ ಡಿಮಾರ್ಕ್ ಮೂರೂ ಈಗ ಅನಿವಾರ್ಯವೆನ್ನುವಂತಾಗಿವೆ. 2024ರ ಫೆಬ್ರವರಿಯಿಂದ ಜಿಮೇಲ್ ತನ್ನ ಬಳಕೆದಾರರಿಗೆ ದಿನಕ್ಕೆ 5,000ಕ್ಕೂ ಮೇಲ್ಪಟ್ಟು ಪತ್ರ ಕಳಿಸುವವರಿಂದ ಮೂರನ್ನೂ ಕೇಳುತ್ತದೆ; ಮರುಹೆಸರಿನ ದಾಖಲೆಯನ್ನು ಎಲ್ಲರಿಂದಲೂ ಕೇಳುತ್ತದೆ. ಎಸ್‌ಪಿಎಫ್ ದಾಖಲೆಯಲ್ಲಿ ಶಾಖೆಗೊಂದು, ಸೇವೆಗೊಂದು ಎಂದು ಹೆಸರು ಸೇರಿಸುತ್ತಾ ಹೋದರೆ ಹತ್ತು ಡಿಎನ್‌ಎಸ್ ಹುಡುಕಾಟದ ಮಿತಿ ದಾಟಿ ಇಡೀ ದಾಖಲೆಯೇ ಅಸಿಂಧುವಾಗುತ್ತದೆ. ಎಲ್ಲ ಶಾಖೆಗಳ ಎಲ್ಲ ಯಂತ್ರಗಳೂ ಪಾಸ್‌ವರ್ಡ್ ಕೊಟ್ಟು 465 ಅಥವಾ 587ನೇ ಪೋರ್ಟಿನಲ್ಲಿ ಕೇಂದ್ರದ ಸರ್ವರಿಗೇ ಪತ್ರ ಒಪ್ಪಿಸಲಿ. ಹೊರಗೆ ಕಳಿಸುವ ಹೊಣೆ ಕೇಂದ್ರದ್ದು ಮಾತ್ರ.

ನಕಲು ಇದ್ದರೆ ಬ್ಯಾಕಪ್ ಇದ್ದಂತೆ ಎಂಬ ನಂಬಿಕೆಗೆ 2011ರ ಫೆಬ್ರವರಿ 27 ಉತ್ತರ ಕೊಟ್ಟಿದೆ. ಸಂಗ್ರಹ ತಂತ್ರಾಂಶದ ಹೊಸ ಆವೃತ್ತಿಯ ದೋಷದಿಂದ ಜಿಮೇಲ್‌ನ ನೂರಕ್ಕೆ 0.02 ಪಾಲು ಬಳಕೆದಾರರ ಪೆಟ್ಟಿಗೆಗಳು ಖಾಲಿಯಾಗಿ ಕಂಡವು. ಹಲವು ದತ್ತಾಂಶ ಕೇಂದ್ರಗಳಲ್ಲಿ ಪ್ರತಿಗಳಿದ್ದವು, ದೋಷ ಆ ಪ್ರತಿಗಳನ್ನೂ ಮುಟ್ಟಿತು. ಪತ್ರಗಳು ಮರಳಿದ್ದು ಜಾಲದಿಂದ ಹೊರಗಿದ್ದ ಟೇಪುಗಳಿಂದ. ನಕಲು ಯಂತ್ರದ ಸಾವಿನಿಂದ ಕಾಪಾಡುತ್ತದೆ. ತಪ್ಪಾಗಿ ಅಳಿಸಿದ್ದು, ತಂತ್ರಾಂಶದ ದೋಷ, ರ‍್ಯಾನ್ಸಮ್‌ವೇರ್ ಇವು ಕ್ಷಣದಲ್ಲಿ ನಕಲಿಗೂ ಹರಡುತ್ತವೆ. ಮೇಲ್ ಸರ್ವರಿನ ಅಡ್ಮಿನ್ ಪಾಸ್‌ವರ್ಡಿನಿಂದ ಅಳಿಸಲಾಗದ ಜಾಗದಲ್ಲಿ ಒಂದು ಪ್ರತಿ ಇರಬೇಕು. ವರ್ಷಕ್ಕೆ ಕೆಲವು ಸಲವಾದರೂ ಅದರಿಂದ ಒಂದು ಪೆಟ್ಟಿಗೆಯನ್ನು ತೆಗೆದು ಓದಿ ನೋಡಬೇಕು.

ಇಷ್ಟೆಲ್ಲ ತಾಪತ್ರಯ ಏಕೆ, ಮೇಲ್ ಅನ್ನು ಕ್ಲೌಡ್ ಸೇವೆಗೆ ಕೊಟ್ಟುಬಿಡಬಾರದೇ ಎಂಬುದು ಈ ಕಾಲದ ಅತಿ ಬಲವಾದ ಆಕ್ಷೇಪ. ಹೆಚ್ಚಿನ ಚಿಕ್ಕ ಸಂಸ್ಥೆಗಳಿಗೆ ಅದು ಸರಿಯಾದ ಸಲಹೆಯೇ. 2021ರ ಎಕ್ಸ್‌ಚೇಂಜ್ ದಾಳಿ ಕಚೇರಿಗಳಲ್ಲಿದ್ದ ಸರ್ವರುಗಳನ್ನು ಹಿಡಿಯಿತು, ಮೈಕ್ರೋಸಾಫ್ಟ್ ತಾನೇ ನಡೆಸುವ ಸೇವೆಯನ್ನು ಹಿಡಿಯಲಿಲ್ಲ. ಎಕ್ಸ್‌ಚೇಂಜ್ 2016 ಮತ್ತು 2019ಕ್ಕೆ 2025ರ ಅಕ್ಟೋಬರ್ 14ರಂದು ಬೆಂಬಲವೂ ನಿಂತಿತು. ಆದರೆ ಕ್ಲೌಡ್ ಹೊಣೆಯ ಒಂದು ಪಾಲನ್ನು ಮಾತ್ರ ಹೊರುತ್ತದೆ. 2022ರ ಡಿಸೆಂಬರ್ 2ರಂದು ರ‍್ಯಾಕ್‌ಸ್ಪೇಸ್ ಕಂಪನಿ ಸುಮಾರು 30,000 ಗ್ರಾಹಕರಿಗಾಗಿ ನಡೆಸುತ್ತಿದ್ದ ಎಕ್ಸ್‌ಚೇಂಜ್ ಸೇವೆ ರ‍್ಯಾನ್ಸಮ್‌ವೇರ್ ದಾಳಿಗೆ ಸಿಕ್ಕಿ, ಮತ್ತೆ ಆರಂಭವಾಗಲೇ ಇಲ್ಲ. ಗ್ರಾಹಕರು ಬೇರೆ ಸೇವೆಗೆ ಹೋಗಬೇಕಾಯಿತು. ಡೊಮೇನ್ ತಮ್ಮ ಕೈಯಲ್ಲಿದ್ದವರು ಎಂಎಕ್ಸ್ ದಾಖಲೆ ಬದಲಿಸಿ ಹೊಸ ಪತ್ರಗಳನ್ನು ಪಡೆಯಲಾರಂಭಿಸಬಹುದಿತ್ತು. ಹಳೆಯ ಪತ್ರಗಳಿಗೆ ತಮ್ಮದೇ ಬ್ಯಾಕಪ್ ಇಲ್ಲದವರು ಕಾಯಬೇಕಾಯಿತು. ಕದ್ದ ಒಂದು ಸಹಿ ಕೀಲಿಯಿಂದ 2023ರಲ್ಲಿ ದಾಳಿಕಾರರು ಮೈಕ್ರೋಸಾಫ್ಟ್‌ನ ಕ್ಲೌಡ್ ಪೆಟ್ಟಿಗೆಗಳನ್ನು ತೆರೆದರು. ಅಮೆರಿಕದ ವಿದೇಶಾಂಗ ಇಲಾಖೆಯೊಂದರಿಂದಲೇ ಸುಮಾರು 60,000 ಪತ್ರಗಳು ಹೋದವು. ಅದನ್ನು ಮೊದಲು ಪತ್ತೆ ಹಚ್ಚಿದ್ದು ತನ್ನ ಲಾಗ್‌ಗಳನ್ನು ತಾನೇ ಓದುತ್ತಿದ್ದ ಅದೇ ಇಲಾಖೆ. ಭಾರತ ಸರ್ಕಾರದ ಸುಮಾರು 12 ಲಕ್ಷ ನೌಕರರ ಮೇಲ್ ಚೆನ್ನೈ ಮೂಲದ ಜೋಹೋ ವೇದಿಕೆಗೆ ಸಾಗಿದಾಗಲೂ ವಿಳಾಸಗಳ ಡೊಮೇನ್ ಸರ್ಕಾರದ್ದಾಗಿಯೇ ಉಳಿಯಿತು. ಹೆಸರು, ನೌಕರರ ಪಟ್ಟಿ, ಬ್ಯಾಕಪ್, ಲಾಗ್ ನಾಲ್ಕೂ ತನ್ನ ಕೈಯಲ್ಲಿರುವ ಸಂಸ್ಥೆ ಸರ್ವರನ್ನು ಯಾರ ಬಳಿ ಬಾಡಿಗೆಗೆ ಪಡೆದರೂ ಅಲ್ಲಿಂದ ಹೊರಬರಬಲ್ಲದು.

ಉಸ್ತುವಾರಿಯ ಕೆಲವು ಸಂಗತಿಗಳನ್ನು ಕಾನೂನೇ ನಿಗದಿ ಮಾಡಿದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತೆಯ ಸಂಸ್ಥೆಯಾದ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ ಲಾಗ್‌ಗಳನ್ನು 180 ದಿನ ಇಡಬೇಕು, ಸೈಬರ್ ಘಟನೆಯನ್ನು ತಿಳಿದ 6 ಗಂಟೆಯೊಳಗೆ ವರದಿ ಮಾಡಬೇಕು, ಎಲ್ಲ ಯಂತ್ರಗಳ ಗಡಿಯಾರ ಹೊಂದಿಕೆಯಾಗಿರಬೇಕು. ಐದು ಊರಿನ ಲಾಗ್‌ಗಳಲ್ಲಿ ಒಂದು ಪತ್ರದ ಜಾಡು ಹಿಡಿಯಲು ಹೊರಟವರಿಗೆ ಕೊನೆಯದರ ಬೆಲೆ ಗೊತ್ತು. ಗೂಢಲಿಪಿ ಪ್ರಮಾಣಪತ್ರಗಳ ಅವಧಿಯೂ ಕುಗ್ಗುತ್ತಿದೆ: 2026ರ ಮಾರ್ಚ್‌ನಿಂದ ಗರಿಷ್ಠ 200 ದಿನ, 2029ರ ಮಾರ್ಚ್‌ನಿಂದ 47 ದಿನ. ಕ್ಯಾಲೆಂಡರಿನಲ್ಲಿ ಗುರುತು ಹಾಕಿ ನವೀಕರಿಸುವ ಕಾಲ ಮುಗಿಯಿತು, ಅದು ತಾನಾಗಿ ನಡೆಯಬೇಕು. ಸರ್ವರ್ ಉಸಿರಾಡುತ್ತಿದೆಯೇ ಎಂದು ನೋಡುವುದು ಸಾಲದು. ಪ್ರತಿ ಶಾಖೆಯಿಂದ ಹೊರಗಿನ ಒಂದು ವಿಳಾಸಕ್ಕೆ, ಅಲ್ಲಿಂದ ಮರಳಿ, ಕೆಲವು ನಿಮಿಷಗಳಿಗೊಮ್ಮೆ ಪರೀಕ್ಷಾ ಪತ್ರ ಓಡಾಡಬೇಕು. ಕ್ಯೂನಲ್ಲಿ ಎಷ್ಟು ಪತ್ರಗಳಿವೆ ಎಂಬುದಕ್ಕಿಂತ ಅತಿ ಹಳೆಯದು ಎಷ್ಟು ಹೊತ್ತಿನಿಂದ ನಿಂತಿದೆ ಎಂಬುದೇ ಒಳ್ಳೆಯ ಸೂಚಕ.

ಕನ್ನಡ ಓದುಗರಿಗೆ ಹತ್ತಿರದ ಒಂದು ವಿಷಯ ಉಳಿದಿದೆ. ಕನ್ನಡ ಲಿಪಿಯಲ್ಲೇ ಮೇಲ್ ವಿಳಾಸ ಇಟ್ಟುಕೊಳ್ಳಲು 2012ರ ಆರ್‌ಎಫ್‌ಸಿ 6531 ದಾರಿ ಮಾಡಿಕೊಟ್ಟಿದೆ, .ಭಾರತ ಎಂಬ ಕನ್ನಡ ಲಿಪಿಯ ಡೊಮೇನ್ ತುದಿಯೂ ಇದೆ. ಜಿಮೇಲ್ 2014ರಲ್ಲಿ, ಪೋಸ್ಟ್‌ಫಿಕ್ಸ್ 2015ರ 3.0 ಆವೃತ್ತಿಯಲ್ಲಿ ಇಂಥ ವಿಳಾಸಗಳಿಗೆ ಬೆಂಬಲ ಕೊಟ್ಟವು. ಆದರೆ ಇದು ಹೊಣೆ ದಾಟುವ ಪ್ರತಿ ಹೆಜ್ಜೆಯಲ್ಲೂ ಒಪ್ಪಿಗೆ ಬೇಡುವ ಸೌಲಭ್ಯ: ಮುಂದಿನ ಸರ್ವರ್ ಈ ವಿಸ್ತರಣೆ ತನಗೆ ಗೊತ್ತು ಎಂದು ಸಾರಿದರೆ ಮಾತ್ರ ಪತ್ರವನ್ನು ಅದಕ್ಕೆ ಕೊಡಬಹುದು, ಇಲ್ಲವಾದರೆ ಹಿಂದಿರುಗಿಸಬೇಕು. ಮುಖ್ಯ ಸರ್ವರ್ ಹೊಸದಿದ್ದು, ಎರಡನೆಯ ತಾಣದ ಎಂಎಕ್ಸ್ ಅಥವಾ ಅಲ್ಲಿನ ಸ್ಪ್ಯಾಮ್ ಸೋಸುವ ಯಂತ್ರ ಹಳೆಯದಿದ್ದರೆ, ಕನ್ನಡ ವಿಳಾಸದ ಪತ್ರ ಬಹುತೇಕ ದಿನ ಸರಿಯಾಗಿ ಬಂದು, ಮುಖ್ಯ ಸರ್ವರ್ ನಿಂತ ದಿನವೇ ಬೌನ್ಸ್ ಆಗುತ್ತದೆ. ಆದ್ದರಿಂದ ನೌಕರರಿಗೆ ಕನ್ನಡ ವಿಳಾಸ ಕೊಡಬಯಸುವ ಸಂಸ್ಥೆ ಎರಡೂ ತಾಣಗಳ ಮೂಲಕ, ಒಂದನ್ನು ಬೇಕೆಂದೇ ನಿಲ್ಲಿಸಿ, ಆ ವಿಳಾಸಕ್ಕೆ ಪತ್ರ ಕಳಿಸಿ ನೋಡಬೇಕು. ಜೊತೆಗೆ ಅದೇ ಪೆಟ್ಟಿಗೆಗೆ ರೋಮನ್ ಲಿಪಿಯ ಒಂದು ಬದಲಿ ವಿಳಾಸವನ್ನೂ ಇಟ್ಟಿರಬೇಕು.